ಮಾವನ ತುಪಾಕಿಗೊಂದು ದುರ್ಬೀನು

ಮಾವ ಫೋನು ಮಾಡಿದಾಗ ನಾನು ಬೆಳ್ಳಂದೂರಿನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಮ್ಯೂಟ್ ಮಾಡಿಕೊಂಡು ಕೂತಿದ್ದೆ ಅನ್ನೋದು ಬೇರೆ ಮಾತು. ತೇಜಸ್ವಿಯವರ ‘ಬೆಳ್ಳಂದೂರಿನ ನರಭಕ್ಷಕ’ ಓದಿದವರು ನನ್ನ ಆಫೀಸಿನ ಅಡ್ರೆಸ್ ಕೇಳಿದಾಗಲೆಲ್ಲ ನಗುತ್ತಾರೆ. ಆ ಬೆಳ್ಳಂದೂರು ಮಲೆನಾಡಿನ ಕಡೆಯದು, ಇದು ಟ್ರಾಫಿಕ್ಕಿನದು. ನರಭಕ್ಷಣೆ ಎರಡೂ ಕಡೆ ಇದೆ.

“ಬಾಬು, ತುಪಾಕಿಗೆ ಹಾಕೋ ದುರ್ಬೀನು ಸಿಗುತ್ತಾ ಬೆಂಗಳೂರಲ್ಲಿ?” ಅಂದರು ಮಾವ. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

“ಯಾಕೆ ಮಾವ?”

“ಯಾಕೆ ಅಂದ್ರೆ? ಹಂದಿಗಳು. ಕಡ್ಲೆಕಾಯಿ ಒಂದು ಸಾಲು ಉಳಿಸ್ತಾ ಇಲ್ಲಪ್ಪ. ವಿಡಿಯೋದಲ್ಲಿ ನೋಡ್ದೆ, ಅಮೆರಿಕಾದಲ್ಲಿ ಹೆಂಗೆ ಹೊಡೀತಾರೆ! ಒಳಗಡೆ ಪ್ಲಸ್ ಮಾರ್ಕು ಇರುತ್ತಲ್ಲ, ಅಂಥದ್ದು ಬೇಕು. ಒಳ್ಳೇ ಪ್ಲಸ್ ಮಾರ್ಕು ಇರೋದು ನೋಡು.”

ಮಾವನ ಜಮೀನು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಮುಳಬಾಗಿಲಿನ ಗಡಿಗೆ ಹತ್ತಿರ. ಎರಡೆಕರೆ ಮಾವಿನ ತೋಪು: ಮುಕ್ಕಾಲು ಪಾಲು ತೋತಾಪುರಿ, ಮನೆಗೆ ಅಂತ ನಾಲ್ಕು ಬೇನಿಶಾ, ಎರಡು ಮಲ್ಲಿಕಾ. ಅದರ ಪಕ್ಕ ಒಂದೂವರೆ ಎಕರೆ ಖಾಲಿ ಹೊಲ. ಮಳೆ ಬಂದರೆ ಅಲ್ಲಿ ಕಡಲೆಕಾಯಿ ಇಲ್ಲ ರಾಗಿ. ಅದರಾಚೆ ಬಂಡೆಗುಡ್ಡ, ಲಂಟಾನ ಪೊದೆ. ಹಂದಿಗಳು ಇಳಿದು ಬರೋದು ಅಲ್ಲಿಂದ. ತುಪಾಕಿ ಅಂದರೆ ನನ್ನ ತಾತನದು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟಿದ್ದ ಒಂದೇ ನಳಿಗೆಯ ಕೇಪಿನ ಬಂದೂಕು. ನಳಿಗೆ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಕುಟ್ಟಿ, ಚರೆ ಹಾಕಿ, ಮತ್ತೆ ಕುಟ್ಟಿ, ಹಿಂದೆ ಕೇಪು ಸಿಕ್ಕಿಸಿ ಹೊಡೆಯಬೇಕು. ಗುರಿ ಹಿಡಿಯೋದಕ್ಕೆ ನಳಿಗೆ ತುದಿಯಲ್ಲಿ ಕಾಳಿನಷ್ಟು ಹಿತ್ತಾಳೆ ಗುಂಡು, ಅಷ್ಟೇ. ಪ್ರತಿ ಎಲೆಕ್ಷನ್ನಿಗೂ ಅದು ಪೊಲೀಸ್ ಸ್ಟೇಷನ್ನಿಗೆ ಹೋಗಿ ಠೇವಣಿ ಕೂರುತ್ತದೆ. ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಅಂತ ಲೆಕ್ಕ ಹಾಕಿದರೆ ನಮ್ಮನೆಯಲ್ಲಿ ಪ್ರಜಾಪ್ರಭುತ್ವಕ್ಕೆ ಅತಿ ಹೆಚ್ಚು ಸೇವೆ ಮಾಡಿರೋದು ಆ ತುಪಾಕಿಯೇ.

ಈಗ ಒಂದು ಸತ್ಯ ಹೇಳಿಬಿಡ್ತೀನಿ. ಅಂಥ ಬಂದೂಕಿಗೆ ಸ್ಕೋಪ್ ಹಾಕೋದರಲ್ಲಿ ಅರ್ಥವೇ ಇಲ್ಲ ಅಂತ ಮಾವ ಫೋನಿಡುವ ಮುಂಚೆಯೇ ನನಗೆ ಗೊತ್ತಿತ್ತು. ರೈಫಲ್ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಅವುಗಳಲ್ಲಿ ಬುಗುರಿಯ ಹಾಗೆ ತಿರುಗುತ್ತಾ ಬರೋದರಿಂದಲೇ ದೂರಕ್ಕೂ ನೇರವಾಗಿ ಹೋಗುತ್ತದೆ. ತಾತನ ತುಪಾಕಿಯ ಒಳಗೆ ಪೈಪಿನ ಹಾಗೆ ನುಣುಪು. ಮೂವತ್ತು ನಲವತ್ತು ಮೀಟರ್ ದಾಟಿದರೆ ಚರೆಗಳು ತಮ್ಮಿಷ್ಟಕ್ಕೆ ಚೆದುರುತ್ತವೆ. ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸೋ ಸ್ಕೋಪ್ ಹಾಕಿದರೆ ಗುರಿ ತಪ್ಪಿದ್ದು ಒಂಬತ್ತು ಪಟ್ಟು ಚೆನ್ನಾಗಿ ಕಾಣುತ್ತದೆ, ಅಷ್ಟೇ ಲಾಭ. ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮ ದೇಶದಲ್ಲಿ ಶಿಕಾರಿ ಅನ್ನೋದು ಪುಸ್ತಕದಲ್ಲಿ ಮಾತ್ರ. ಕಾಡುಹಂದಿ ಬೆಳೆ ಹಾಳು ಮಾಡಿದರೂ ಅಧಿಕಾರ ಇರುವವರಿಂದ ಬರಹದಲ್ಲಿ ಅನುಮತಿ ಇಲ್ಲದೆ ಹೊಡೆದರೆ ಜೈಲು. 2022ರ ತಿದ್ದುಪಡಿ ಆದಮೇಲೆ ಹಂದಿ ಎರಡನೇ ಶೆಡ್ಯೂಲಿಗೆ ಬಂದಿದೆ. ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಬಂದೂಕು ಇಟ್ಟುಕೊಳ್ಳೋ ಲೈಸೆನ್ಸು, ಪ್ರಾಣಿ ಕೊಲ್ಲೋ ಲೈಸೆನ್ಸ್ ಅಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾವನಿಗೆ ಏನಂದೆ? “ನೋಡ್ತೀನಿ ಮಾವ, ಒಳ್ಳೇದು ಹುಡುಕ್ತೀನಿ” ಅಂದೆ.

ಯಾಕೆಂದರೆ ಆಗ ನನಗೂ ಆ ಹುಚ್ಚು ಹಿಡಿದಿತ್ತು. ಲಾಕ್‌ಡೌನ್ ಮುಗಿದ ಮೇಲೆ ಒಂದು ಏರ್‌ರೈಫಲ್ ತಗೊಂಡಿದ್ದೆ. 4.5 ಮಿಲಿಮೀಟರ್ ಬೋರು, 20 ಜೌಲ್‌ಗಿಂತ ಕಡಿಮೆ ಶಕ್ತಿ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಒಲಿಂಪಿಕ್ಸಿನ 10 ಮೀಟರ್ ಏರ್‌ರೈಫಲ್‌ನಲ್ಲಿ ದುರ್ಬೀನಿಗೆ ಅವಕಾಶ ಇಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಹಿಂದೊಂದು ಸಣ್ಣ ತೂತು, ಮುಂದೊಂದು ಉಂಗುರ, ಇಷ್ಟನ್ನೇ ನೋಡಿಕೊಂಡು. ಅಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ. ಅಷ್ಟು ಶ್ರದ್ಧೆ ನನ್ನ ಕೈಲಿ ಆಗಲ್ಲ. ನನಗೆ ಬೇಕಾಗಿದ್ದು ಸ್ಕೋಪು. ಇನ್ನೂ ಸರಿಯಾಗಿ ಹೇಳಬೇಕಂದರೆ, ಸ್ಕೋಪಿನ ಬಗ್ಗೆ ಓದೋದು.

ನಮ್ಮ ಪೀಳಿಗೆಯ ಕಾಯಿಲೆ ಇದು, ನಿಮಗೂ ಇರುತ್ತೆ. ಹದಿನೈದು ಸಾವಿರದ ಫೋನ್ ತಗೊಳ್ಳೋಕೆ ಹದಿನೈದು ದಿನ ಎಕ್ಸೆಲ್ ಶೀಟ್ ಮಾಡ್ತೀವಿ. ಶೀಟ್ ಮುಗಿದಾಗ ಫೋನಿನ ಆಸೆಯೇ ಮುಗಿದಿರುತ್ತೆ. ಮಾವನ ಪ್ಲಸ್ ಮಾರ್ಕಿಗೆ ಅಂತ ನಾನು ಶೀಟ್ ಶುರು ಮಾಡಿದೆ.

ಪ್ಲಸ್ ಮಾರ್ಕಿಗೆ ರೆಟಿಕಲ್ ಅಂತಾರೆ. ಬರೀ ತೆಳ್ಳಗಿನ ಎರಡು ಗೆರೆ ಅಡ್ಡಡ್ಡ ಹಾಕಿದರೆ ಹಗಲಲ್ಲಿ ಚೆಂದ, ಸಂಜೆಗೆ ಗೆರೆಯೇ ಕಾಣಲ್ಲ. ಅದಕ್ಕೆ 1962ರಲ್ಲಿ ಅಮೆರಿಕದ ಲ್ಯೂಪೋಲ್ಡ್ ಕಂಪನಿ ಡ್ಯೂಪ್ಲೆಕ್ಸ್ ಅನ್ನೋದನ್ನ ತಂತು: ಹೊರಗಡೆ ದಪ್ಪ ಗೆರೆ, ನಡುವಿಗೆ ಬರ್ತಾ ತೆಳು. ಕಣ್ಣು ತಾನಾಗಿಯೇ ನಡುವಿಗೆ ಜಾರುತ್ತೆ. ಯೋಚನೆ ಮಾಡೋ ಹಾಗಿಲ್ಲ, ಲೆಕ್ಕ ಇಲ್ಲ. ಹತ್ತಿರದ ಶಿಕಾರಿಗೆ ಇವತ್ತಿಗೂ ಇದೇ ಸಾಕು ಅನ್ನೋರು ಜಾಸ್ತಿ. ಜರ್ಮನಿಯವರು ಹಂದಿಗೆ ರಾತ್ರಿ ಅಟ್ಟಣೆ ಮೇಲೆ ಕೂರ್ತಾರೆ, ಥೇಟ್ ನಮ್ಮ ಮಾವನ ಮಂಚೆ. ಅವರ ನಾಲ್ಕನೇ ನಂಬರಿನ ರೆಟಿಕಲ್‌ನಲ್ಲಿ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಮೂರು ದಪ್ಪ ಕಂಬಗಳು, ಮೇಲ್ಗಡೆ ಬರೀ ತೆಳು ಗೆರೆ. ಕರೀ ಹಂದಿ ಮೇಲೆ ಕರೀ ಗೆರೆ ಕಾಣಲ್ಲ ಅಂತ ಈಗ ನಡುವೆ ಒಂದು ಕೆಂಪು ದೀಪದ ಚುಕ್ಕಿಯನ್ನೂ ಇಡ್ತಾರೆ.

ದೂರಕ್ಕೆ ಹೋದ ಹಾಗೆ ವಿಷಯ ಬೇರೆ. ಬಿಟ್ಟ ಗುಂಡು ಆ ಕ್ಷಣದಿಂದಲೇ ನೆಲಕ್ಕೆ ಬೀಳೋಕೆ ಶುರು ಮಾಡುತ್ತೆ. ಎಷ್ಟು ದೂರಕ್ಕೆ ಎಷ್ಟು ಬೀಳುತ್ತೆ ಅಂತ ಗೊತ್ತಿದ್ದರೆ ಅಷ್ಟು ಮೇಲಕ್ಕೆ ಹಿಡೀಬೇಕು. ಅದಕ್ಕೆ ರೆಟಿಕಲ್ ಮೇಲೆ ಅಳತೆ ಬೇಕು. ಇಲ್ಲಿ ಎರಡು ಪಂಗಡ. ಒಂದು ಮಿಲ್‌ನವರು: ಸಾವಿರ ಮೀಟರಿಗೆ ಒಂದು ಮೀಟರ್, ನೂರು ಮೀಟರಿಗೆ ಹತ್ತು ಸೆಂಟಿಮೀಟರ್. ಇನ್ನೊಂದು ಎಂಓಎ ಅನ್ನೋರು: ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ನೂರು ಗಜಕ್ಕೆ 1.047 ಇಂಚು. ಇವರ ಜಗಳ ನೋಡಿದರೆ ನಮ್ಮ ಐಫೋನ್ ಆಂಡ್ರಾಯ್ಡ್ ಜಗಳ ಏನೂ ಅಲ್ಲ. ಗಜ, ಇಂಚಿನಲ್ಲಿ ಯೋಚಿಸೋರಿಗೆ ಎಂಓಎ, ಮೀಟರಿನವರಿಗೆ ಮಿಲ್. ನಾವು ಸೈಟು ಅಡಿಯಲ್ಲಿ ಅಳೆದು, ಜಮೀನು ಗುಂಟೆಯಲ್ಲಿ ಅಳೆದು, ಬಟ್ಟೆ ಮೀಟರಿನಲ್ಲಿ ತಗೊಳ್ಳೋ ಜನ, ನಮಗೆ ಎರಡೂ ನಡೆಯುತ್ತೆ. ಇನ್ನು ಕ್ರಿಸ್ಮಸ್ ಮರದ ಹಾಗೆ ಕೆಳಕ್ಕೆ ಹೋಗ್ತಾ ಅಗಲವಾಗೋ ಚುಕ್ಕಿ ಸಾಲುಗಳು ಬೇರೆ ಇವೆ, ಗಾಳಿಗೆ ಗುಂಡು ಪಕ್ಕಕ್ಕೆ ಸರಿಯೋದನ್ನೂ ಲೆಕ್ಕ ಹಾಕೋದಕ್ಕೆ. ಅದನ್ನ ನೋಡಿದರೆ ನನಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಮ್ಯಾಪ್ ನೆನಪಾಯಿತು. ಬಿಟ್ಟೆ.

ನಾನು ತಗೊಂಡಿದ್ದು ಸಾಧಾರಣದ್ದು, ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡೋ, 40 ಮಿಲಿಮೀಟರ್ ಗಾಜಿನ ಮಿಲ್-ಡಾಟ್ ಸ್ಕೋಪ್. ನಡುವಿನಿಂದ ನಾಲ್ಕೂ ದಿಕ್ಕಿಗೆ ನಾಲ್ಕು ನಾಲ್ಕು ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಒಂದು ಮಿಲ್, ಐದನೇ ಮಿಲ್ಲಿಗೆ ದಪ್ಪ ಗೆರೆ ಶುರು. ನಾಲ್ಕೂವರೆ ಸಾವಿರ ರೂಪಾಯಿ. ಏರ್‌ಗನ್ನಿಗೆ ಅಂತಲೇ ಮಾಡಿದ್ದು ತಗೋಬೇಕು. ಸ್ಪ್ರಿಂಗ್ ಇರೋ ಏರ್‌ರೈಫಲ್ ಹಿಂದಕ್ಕೊಂದು ಸಲ ಮುಂದಕ್ಕೊಂದು ಸಲ ಒದೆಯುತ್ತೆ, ಹಿಂದಕ್ಕೆ ಮಾತ್ರ ಒದೆಯೋ ದೊಡ್ಡ ರೈಫಲ್ಲಿಗೆ ಅಂತ ಮಾಡಿದ ಸ್ಕೋಪ್ ಆ ಮುಂದಿನ ಒದೆತಕ್ಕೆ ಒಳಗೊಳಗೇ ಸಡಿಲವಾಗಿ ಹೋಗಬಹುದು. ಮೊದಲು ನನ್ನ ರೈಫಲ್ಲಿಗೆ ಹಾಕಿ ಪರೀಕ್ಷೆ ಮಾಡ್ತೀನಿ, ಆಮೇಲೆ ಮಾವನಿಗೆ ಅಂತ ನನಗೆ ನಾನೇ ಹೇಳಿಕೊಂಡೆ.

ಪರೀಕ್ಷೆಗೆ ಮಾಲೂರಿಗೆ ಹೋದೆ. ಕಾಲೇಜಿನ ಗೆಳೆಯನೊಬ್ಬನದು ಅಲ್ಲಿ ಇಟ್ಟಿಗೆ ಗೂಡು. ಬೆಂಗಳೂರಿನ ಅರ್ಧ ಅಪಾರ್ಟ್‌ಮೆಂಟುಗಳ ಗೋಡೆ ಮಾಲೂರಿನ ಮಣ್ಣು ಅಂತ ಅವನು ಹೇಳ್ತಾನೆ, ಉಳಿದರ್ಧದ ಬಗ್ಗೆ ಮಾತಾಡಲ್ಲ. ಭಾನುವಾರ ಗೂಡಿನಲ್ಲಿ ಯಾರೂ ಇರಲಿಲ್ಲ. ಹಿಂದೆ ಹತ್ತಡಿ ಮಣ್ಣಿನ ದಿಬ್ಬ, ಮುಂದೆ ಒಂದೊಂದು ಇಟ್ಟಿಗೆ ನಿಲ್ಲಿಸಿದೆವು. ಇಟ್ಟಿಗೆ 23 ಸೆಂಟಿಮೀಟರ್ ಉದ್ದ. 50 ಮೀಟರಿನಲ್ಲಿ ಅದನ್ನ ನೋಡಿದರೆ 4.6 ಮಿಲ್ ಬರಬೇಕು. ಒಂಬತ್ತು ಪಟ್ಟಿನಲ್ಲಿ ಸರಿಯಾಗಿ ಬಂತು. ಝೂಮ್ ಆರಕ್ಕೆ ಇಳಿಸಿದೆ, ಅದೇ ಇಟ್ಟಿಗೆ ಮೂರು ಚಿಲ್ಲರೆ ತೋರಿಸಿತು. ಇಟ್ಟಿಗೆ ಕುಗ್ಗಿತಾ? ಇಲ್ಲ. ಅಗ್ಗದ ಸ್ಕೋಪುಗಳಲ್ಲಿ ರೆಟಿಕಲ್ ಕಣ್ಣಿನ ಕಡೆಯ ಗಾಜಿನ ಹತ್ತಿರ ಇರುತ್ತೆ, ಝೂಮ್ ಮಾಡಿದರೆ ಚಿತ್ರ ದೊಡ್ಡದಾಗುತ್ತೆ, ಗೆರೆ ಇದ್ದಷ್ಟೇ ಇರುತ್ತೆ. ಹಾಗಾಗಿ ಅಳತೆ ಒಂದೇ ಪವರಿನಲ್ಲಿ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ. ರೆಟಿಕಲ್ ಮುಂದಿನ ಗಾಜಿನ ಕಡೆ ಇದ್ದರೆ ಚಿತ್ರದ ಜೊತೆ ಗೆರೆಯೂ ಬೆಳೆಯುತ್ತೆ, ಯಾವ ಪವರಿನಲ್ಲೂ ಲೆಕ್ಕ ತಪ್ಪಲ್ಲ. ಆದರೆ ಬೆಲೆ ಹೆಚ್ಚು, ಕಡಿಮೆ ಝೂಮಿನಲ್ಲಿ ಗೆರೆ ಕೂದಲಿನಷ್ಟು ತೆಳ್ಳಗಾಗುತ್ತೆ. 25 ಮೀಟರಿಗೆ ಗುರಿ ಕೂರಿಸಿ 50 ಮೀಟರಿಗೆ ಹೊಡೆದರೆ ನನ್ನ ಪೆಲೆಟ್ ಹನ್ನೆರಡು ಹದಿಮೂರು ಸೆಂಟಿಮೀಟರ್ ಕೆಳಗೆ ಬೀಳ್ತಿತ್ತು. ಅಂದರೆ ಎರಡೂವರೆ ಮಿಲ್. ಎರಡನೇ ಚುಕ್ಕಿಗೂ ಮೂರನೇ ಚುಕ್ಕಿಗೂ ನಡುವೆ ಇಟ್ಟಿಗೆ ಕೂರಿಸಿ ಒತ್ತಿದೆ, ಟಕ್ ಅಂತು. ಆ ಟಕ್ ಇದೆಯಲ್ಲ, ಅದಕ್ಕೆ ಸಮ ಯಾವುದೂ ಇಲ್ಲ. ಮಧ್ಯಾಹ್ನದವರೆಗೂ ಹೊಡೆದೆವು.

ಅಕ್ಟೋಬರಿನ ಒಂದು ಶನಿವಾರ ಸ್ಕೋಪನ್ನ ರೈಫಲ್ಲಿನಿಂದ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಹೊಸಕೋಟೆ ದಾಟಿ, ನರಸಾಪುರ ದಾಟಿ, ಕೋಲಾರದ ಹತ್ತಿರ ಅಂತರಗಂಗೆ ಬೆಟ್ಟ ಎಡಕ್ಕೆ ಕಾಣೋವಾಗ ಯಾವಾಗಲೂ ಮನಸ್ಸು ಹಗುರಾಗುತ್ತೆ, ಅವತ್ತು ಮಾತ್ರ ಯಾಕೋ ಆಗಲಿಲ್ಲ. ರಾತ್ರಿ ಅಪ್ಪನ ಜೊತೆ ಮುಳಬಾಗಿಲಿನಲ್ಲಿದ್ದು, ಬೆಳಿಗ್ಗೆ ದೋಸೆ ತಿಂದು ಶ್ರೀನಿವಾಸಪುರದ ಕಡೆ ಹೋಗೋದು ಅಂತ ಪ್ಲಾನು.

ಅಪ್ಪ ಸಣ್ಣ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕೆರೆ ಏರಿ, ಕೋಡಿ, ತೂಬು, ಕಾಲುವೆ ಇಷ್ಟೇ ಅವರ ಪ್ರಪಂಚ. ಕೋಲಾರ ಜಿಲ್ಲೆಯಲ್ಲಿ ಕೆರೆಗಳಿಗೇನು ಬರ, ನೀರಿಗೆ ತಾನೆ. ನಾನು ಸ್ಕೋಪ್ ಮೇಜಿನ ಮೇಲಿಟ್ಟಿದ್ದು ನೋಡಿ ಬೈತಾರೆ ಅಂದುಕೊಂಡಿದ್ದೆ. ಎತ್ತಿಕೊಂಡು ಮಹಡಿಗೆ ಹೋದರು. ಕೆರೆ ಏರಿಯ ಕಡೆ ತಿರುಗಿಸಿ ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇದು ನಮ್ಮ ಸ್ಟೇಡಿಯಾ ಅಲ್ಲವೇನೋ?”

ನನಗೆ ಗೊತ್ತಿರಲಿಲ್ಲ. ಅಪ್ಪ ಹೇಳಿದರು. ಡಂಪಿ ಲೆವೆಲ್ ಅಂತ ಮೂರು ಕಾಲಿನ ಮೇಲೆ ಕೂರಿಸೋ ದುರ್ಬೀನು ಇರುತ್ತಲ್ಲ, ರಸ್ತೆ ಬದಿಯಲ್ಲಿ ನೋಡಿರ್ತೀರಿ, ಅದರೊಳಗೂ ಪ್ಲಸ್ ಮಾರ್ಕು ಇರುತ್ತೆ. ನಡುವಿನ ಅಡ್ಡಗೆರೆಯ ಮೇಲೊಂದು ಕೆಳಗೊಂದು ಪುಟ್ಟ ಗೆರೆ. ಖಲಾಸಿ ದೂರದಲ್ಲಿ ಅಳತೆ ಪಟ್ಟಿ ಹಿಡಿದು ನಿಲ್ಲುತ್ತಾನೆ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಪಟ್ಟಿ ಎಷ್ಟು ಕಾಣುತ್ತೋ ಅದನ್ನ ನೂರರಿಂದ ಗುಣಿಸಿದರೆ ದೂರ. ಒಂದು ಮೀಟರ್ ಕಂಡರೆ ನೂರು ಮೀಟರ್. ಚೈನು ಎಳೆಯೋದೇ ಬೇಡ. “ನಿಂದರಲ್ಲಿ ಕಾನ್ಸ್ಟಂಟ್ ಎಷ್ಟು?” ಅಂದರು.

ಲೆಕ್ಕ ಹಾಕಿದೆ. ಮೇಲಿನ ದಪ್ಪ ಗೆರೆಯಿಂದ ಕೆಳಗಿನ ದಪ್ಪ ಗೆರೆಗೆ ಐದು ಮತ್ತು ಐದು, ಹತ್ತು ಮಿಲ್. ಸಾವಿರಕ್ಕೆ ಹತ್ತು ಅಂದರೆ ನೂರಕ್ಕೆ ಒಂದು.

“ನೂರೇ ಅಪ್ಪ.”

“ಮತ್ತೆ! ಅದೇ ಇದು. ನಾವು ಮೂವತ್ತು ವರ್ಷ ಮಾಡಿದ ಕೆಲಸಾನ ನೀನು ನಾಲ್ಕೂವರೆ ಸಾವಿರ ಕೊಟ್ಟು ತಂದಿದೀಯ.”

ಏರಿಯ ಮೇಲಿನ ಕರೆಂಟ್ ಕಂಬಕ್ಕೆ ಹಿಡಿದರು. ಎಂಟು ಮೀಟರಿನ ಕಂಬ, ಆರನೇ ಒಂದು ಭಾಗ ಮಣ್ಣಿನೊಳಗೆ ಹೋಗುತ್ತೆ, ಮೇಲೆ ಉಳಿಯೋದು ಆರೂಮುಕ್ಕಾಲರ ಹತ್ತಿರ ಅಂದರು. ಅದು ಎರಡು ದಪ್ಪ ಗೆರೆಗಳ ನಡುವೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. “ಆರುನೂರ ಎಪ್ಪತ್ತು ಮೀಟರ್.” ನಾನು ಫೋನ್ ತೆಗೆದು ಮ್ಯಾಪಿನಲ್ಲಿ ಅಳೆದೆ, ಆರುನೂರ ಐವತ್ತು ಅಂತು. ಮ್ಯಾಪ್ ತಪ್ಪಿರಬೇಕು ಅಂತ ಅಪ್ಪ ತೀರ್ಮಾನ ಕೊಟ್ಟರು.

ಆಮೇಲೆ ಕಪಾಟಿನಿಂದ ಕಾನೇಟ್ಕರ್ ಪುಸ್ತಕ ತೆಗೆದು ಕೂತರು. ಸಿವಿಲ್ ಓದಿದವರ ಮನೆಗಳಲ್ಲಿ ದೇವರ ಪಟದಷ್ಟೇ ಗ್ಯಾರಂಟಿ ಇರೋ ಪುಸ್ತಕ ಅದು. ಹಳೇ ಕಾಲದ ಲೆವೆಲ್ಲುಗಳಲ್ಲಿ ಆ ಗೆರೆಗಳು ನಿಜವಾದ ಜೇಡರ ಹುಳದ ದಾರ ಅಂತೆ. ಹರಿದರೆ ಹೊಸದು ಕೂರಿಸಬೇಕಿತ್ತು. ಅಷ್ಟು ಸಣ್ಣಗೆ, ಅಷ್ಟು ಗಟ್ಟಿಯಾಗಿ ಮನುಷ್ಯನ ಕೈಲಿ ಎಳೆಯೋಕೆ ಆಗ್ತಿರಲಿಲ್ಲ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಅನ್ನೋ ಖಗೋಳ ವಿಜ್ಞಾನಿಯ ದೂರದರ್ಶಕದೊಳಗೆ ಜೇಡ ಬಲೆ ಕಟ್ಟಿತ್ತಂತೆ. ನಕ್ಷತ್ರದ ಜೊತೆಗೆ ಆ ಎಳೆಯೂ ಸ್ಪಷ್ಟವಾಗಿ ಕಂಡಿದ್ದರಿಂದಲೇ ಇದೆಲ್ಲ ಹೊಳೆದಿದ್ದು ಅನ್ನೋ ಕಥೆ ನಾನೂ ಓದಿದ್ದೆ, ಅಪ್ಪನಿಗೆ ಹೇಳಿದೆ. ಅವರು ಅದಕ್ಕೆ ಪ್ರತಿಯಾಗಿ ವಾರೆನ್ ಕಥೆ ಹೇಳಿದರು: 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಮೈಸೂರು ಸಂಸ್ಥಾನದ ಪೂರ್ವದ ಗಡಿ ಅಳೆಯೋಕೆ ನಮ್ಮ ಈ ಕಡೆ ಬಂದಿದ್ದವನು ಜನರ ಬಾಯಲ್ಲಿ ಚಿನ್ನದ ಸುದ್ದಿ ಕೇಳಿದ, ಹಳ್ಳಿಯವರ ಕೈಲಿ ಮಣ್ಣು ತೊಳೆಸಿ ನೋಡಿದ, ಕೆಜಿಎಫ್ ಕಥೆ ಅಲ್ಲಿಂದ ಶುರು. “ಅಳೆಯೋಕೆ ಬಂದೋನಿಗೆ ಚಿನ್ನ ಸಿಕ್ತು. ನೀನು ಇದನ್ನ ತಗೊಂಡು ಯಾವ ಕಡೆ ಹೊರಟಿದೀಯ?”

ಮಾವನ ಮನೆಗೆ ಅಂದೆ. ಯಾಕೆ ಅಂತ ಅಪ್ಪ ಕೇಳಲಿಲ್ಲ. ಮುಖ ಮಾತ್ರ ಬದಲಾಯಿತು. “ಹುಷಾರು” ಅಂದು ಪುಸ್ತಕ ಮುಚ್ಚಿದರು.

ಮಾವನ ಹೊಲ ನೋಡಿದಾಗ ನನಗೆ ಮಾತೇ ಬರಲಿಲ್ಲ. ಫೋನಿನಲ್ಲಿ ಕೇಳೋದು ಬೇರೆ. ಟ್ರ್ಯಾಕ್ಟರ್ ಹೊಡೆದ ಹಾಗೆ ನೆಲ ಅಗೆದಿತ್ತು. ಹಂದಿ ಗಿಡ ತಿನ್ನಲ್ಲ, ಮೂತಿಯಿಂದ ನೆಲ ಬಗೆದು ಕಾಯಿ ತಿಂದು ಗಿಡ ಅಲ್ಲೇ ಬಿಸಾಕುತ್ತೆ. ಮುಕ್ಕಾಲು ಎಕರೆ ಹೋಗಿತ್ತು. ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿ, ಅತ್ತೆ ಬೆರಳು ಮಡಚುತ್ತಾ ಎಣಿಸಿದರು. ಸಾಲ ತೀರಿಸೋಕೆ ಇಟ್ಟುಕೊಂಡಿದ್ದ ಬೆಳೆ ಅದು, ಯಾಕೆಂದರೆ ಆ ವರ್ಷ ತೋತಾಪುರಿ ರೇಟು ಬಿದ್ದು ಹೋಗಿತ್ತು. ಮಾವ ನಾಲ್ಕು ವಾರದಿಂದ ಮಂಚೆ ಮೇಲೆ ಮಲಗ್ತಿದ್ದರು. ತಟ್ಟೆ ಬಡಿಯೋದು, ಪಟಾಕಿ ಹೊಡೆಯೋದು. ಮೊದಲೆರಡು ದಿನ ಓಡುತ್ತವೆ, ಮೂರನೇ ದಿನ ಪಟಾಕಿ ಮುಗಿಯೋವರೆಗೆ ಕಾಯುತ್ತವೆ. ಬೆಳ್ಳಂದೂರಿನಲ್ಲಿ ಕೂತು ಕಾಯ್ದೆಯ ಶೆಡ್ಯೂಲು ಎಣಿಸೋದು ಸುಲಭ, ಮಾವನ ಕಣ್ಣು ನೋಡಿದ ಮೇಲೆ ಕಷ್ಟ.

“ತಂದ್ಯಾ?” ಅಂದರು ಮಾವ.

ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ತುಪಾಕಿ ಹೊರಗೆ ತಂದು ನಳಿಗೆ ಮೇಲೆ ಇಟ್ಟು ನೋಡಿದರು. ಸಿಕ್ಕಿಸೋಕೆ ಜಾಗವೇ ಇಲ್ಲ. “ಬಸ್‌ಸ್ಟ್ಯಾಂಡ್ ಹತ್ರ ವೆಲ್ಡಿಂಗ್ ಅಂಗಡಿಯೋನು ಇದಾನೆ, ಕೇಳಿದೀನಿ, ಒಂದು ಕ್ಲ್ಯಾಂಪ್ ಮಾಡ್ಕೊಡ್ತಾನಂತೆ.” ಮದ್ದಿನ ಬಂದೂಕಿನ ನಳಿಗೆಗೆ ವೆಲ್ಡಿಂಗ್! ಆಗಲಾದರೂ ನಾನು ಬಾಯಿ ಬಿಟ್ಟು ಹೇಳಬೇಕಿತ್ತು. “ಸಾಯಂಕಾಲ ಬರೀ ಕೈಲಿ ಹಿಡ್ಕೊಂಡು ನೋಡೋಣ ಮಾವ, ಎಷ್ಟು ಕಾಣುತ್ತೆ ಅಂತ” ಅಂದೆ. ಹೇಡಿತನ. ಅದರ ಜೊತೆ ಒಂಚೂರು ಆಸೆಯೂ.

ಸಂಜೆ ಆರಕ್ಕೆ ಮಂಚೆ ಹತ್ತಿದೆವು. ತುಪಾಕಿ ಮನೆಯಲ್ಲೇ ಇತ್ತು. ಬೆಳಕು ಕಡಿಮೆಯಾಗ್ತಾ ಬಂತು. ಒಂಬತ್ತು ಪಟ್ಟಿನಲ್ಲಿ ಚಿತ್ರ ಮಸುಕಾಯಿತು. ಗಾಜಿನ ಅಗಲವನ್ನ ಪವರಿನಿಂದ ಭಾಗಿಸಿದರೆ ಕಣ್ಣಿಗೆ ಬರೋ ಬೆಳಕಿನ ಕಂತೆಯ ಅಗಲ, ನಲವತ್ತನ್ನ ಒಂಬತ್ತರಿಂದ ಭಾಗಿಸಿದರೆ ನಾಲ್ಕೂವರೆ ಮಿಲಿಮೀಟರೂ ಇಲ್ಲ. ಆರಕ್ಕೆ ಇಳಿಸಿದರೆ ಆರೂವರೆ ದಾಟುತ್ತೆ, ಕತ್ತಲಲ್ಲಿ ಅಗಲವಾದ ಕಣ್ಣಿನ ಪಾಪೆಗೆ ಅದು ಸರಿ. ಆದರೆ ಆರಕ್ಕೆ ಇಳಿಸಿದರೆ ಚುಕ್ಕಿಗಳ ಲೆಕ್ಕ ತಪ್ಪುತ್ತೆ. ಇದನ್ನ ಮಾವನಿಗೆ ವಿವರಿಸ್ತಿದ್ದೆ. ಅವರು ಹ್ಞೂಂ ಹ್ಞೂಂ ಅಂತಿದ್ದರು. ನಾನು ಮತ್ತೆ ಒಂಬತ್ತಕ್ಕೇ ತಿರುಗಿಸಿಕೊಂಡೆ, ಲೆಕ್ಕದ ಮೋಹ.

ಆಗ ಹೊಲದ ಆಚೆ ತುದಿಯಲ್ಲಿ, ಬದುವಿನ ಹತ್ತಿರ, ಏನೋ ಅಲುಗಾಡಿತು. ಕಪ್ಪಗೆ, ಗುಂಡಗೆ, ನೆಲಕ್ಕೆ ಬಾಗಿ ಬಗೆಯುತ್ತಿತ್ತು.

“ಮಾವ, ಬಂತು” ಅಂದೆ ಪಿಸುಮಾತಲ್ಲಿ.

ಪ್ಲಸ್ ಮಾರ್ಕನ್ನ ಸರಿಯಾಗಿ ಅದರ ನಡುಮಧ್ಯಕ್ಕೆ ತಂದು ನಿಲ್ಲಿಸಿದೆ. ಕೈ ನಡುಗಲಿಲ್ಲ. ನೆಲದಿಂದ ಬೆನ್ನಿಗೆ ಚುಕ್ಕಿ ಎಣಿಸಿದೆ: ಐದು ಮಿಲ್. ದೊಡ್ಡ ಹಂದಿಯ ಎತ್ತರ ಮುಕ್ಕಾಲು ಮೀಟರ್ ಅಂದರೆ ನೂರೈವತ್ತು ಮೀಟರ್ ದೂರ. ಎಷ್ಟು ಖುಷಿಯಾಯಿತು ಗೊತ್ತಾ? ಇಷ್ಟು ದಿನ ಓದಿದ್ದೆಲ್ಲ ಒಂದೇ ಕ್ಷಣದಲ್ಲಿ ಸರಿಯಾಗಿ ಕೂತ ಖುಷಿ. ಮಾಲೂರಿನ ಟಕ್ ಶಬ್ದ ಕಿವಿಯಲ್ಲಿ ಕೇಳಿಸಿತು. ಬೆರಳು ತಾನಾಗಿಯೇ ಮಡಚಿಕೊಂಡಿತ್ತು.

ಅದು ಎದ್ದು ನಿಂತಿತು. ನಿಧಾನಕ್ಕೆ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿತು. ಕೆಳಗಿನ ದಪ್ಪ ಗೆರೆಯಿಂದ ಮೇಲಿನ ದಪ್ಪ ಗೆರೆಯವರೆಗೆ, ಸರಿಯಾಗಿ ಹತ್ತು ಮಿಲ್. ಒಂದೂವರೆ ಮೀಟರ್. ನಮ್ಮ ಅತ್ತೆ.

ಹಂದಿ ಕಿತ್ತು ಬಿಸಾಕಿದ ಗಿಡಗಳಲ್ಲಿ ಒಂದೊಂದು ಕಾಯಿ ಉಳಿದಿರುತ್ತಲ್ಲ, ಅದನ್ನ ಆರಿಸೋಕೆ ಕೂತಿದ್ದರಂತೆ. ಕತ್ತಲಾಗೋದರೊಳಗೆ ಇನ್ನೊಂದು ಸೇರು ಆಗಲಿ ಅಂತ. ಪ್ಲಸ್ ಮಾರ್ಕು ಅವರ ಎದೆಯ ಮೇಲಿತ್ತು.

ಬಂದೂಕು ಹಿಡಿಯೋರಿಗೆ ಮೊದಲ ದಿನ ಹೇಳೋ ಮಾತು ಇದು: ಗುರಿ ಏನು ಅಂತ ಖಚಿತ ಆಗೋವರೆಗೆ ಅದರ ಕಡೆ ಹಿಡಿಯಬೇಡ, ಸ್ಕೋಪನ್ನ ದುರ್ಬೀನಿನ ಹಾಗೆ ಬಳಸಬೇಡ. ನನ್ನ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಸ್ಕೋಪ್ ಕೆಳಗಿಟ್ಟೆ. ಅಂಗೈ ಬೆವೆತಿತ್ತು. ನನ್ನ ಕೈಲಿ ಇದ್ದಿದ್ದು ಬರೀ ಗಾಜಿನ ಕೊಳವೆ ಅಂತ ಎಷ್ಟು ಸಲ ಹೇಳಿಕೊಂಡರೂ ಹೊಟ್ಟೆಯೊಳಗೆ ಏನೋ ಕಲಸ್ತಾ ಇತ್ತು.

“ಅತ್ತೆ ಮಾವ ಅದು” ಅಂದೆ.

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರದ ಕಥೆ. ನಾನು ಹುಟ್ಟೋಕೆ ಮುಂಚೆ, ಒಂದು ಬೇಸಿಗೆ ರಾತ್ರಿ, ಮಾವಿನ ತೋಪಿನಲ್ಲಿ ಸದ್ದಾಯಿತು ಅಂತ ತಾತ ಇದೇ ತುಪಾಕಿಯಲ್ಲಿ ಹೊಡೆದರು. ಹಂದಿ ಅಂದುಕೊಂಡರು. ಪಕ್ಕದ ತೋಪಿನವರ ಮಗ. ಉದುರಿದ ಕಾಯಿ ಆರಿಸ್ತಿದ್ದ. ಚರೆ ತೊಡೆಗೆ ಹೊಡೆದಿತ್ತು. ಉಳಿದುಕೊಂಡ, ಕಾಲು ಸರಿಹೋಗಲಿಲ್ಲ. ಪಂಚಾಯಿತಿಯಲ್ಲಿ ತೀರ್ಮಾನ ಆಯಿತು, ತಾತ ಹತ್ತು ಮಾವಿನ ಮರದ ಜಾಗ ಬರೆದುಕೊಟ್ಟರು. ಅವತ್ತಿನಿಂದ ಆ ಮನೆಯವರು ನಮ್ಮ ಮನೆಯ ಮದುವೆಗೂ ಬರಲ್ಲ ಸಾವಿಗೂ ಬರಲ್ಲ. ಅಮ್ಮನಿಗೆ, ಅಪ್ಪನಿಗೆ, ಎಲ್ಲರಿಗೂ ಗೊತ್ತು. ಚಿಕ್ಕಂದಿನಲ್ಲಿ ಆ ತೋಪಿನ ಕಡೆ ಹೋಗಬೇಡ ಅಂತ ನಮಗೆ ಯಾಕೆ ಹೇಳ್ತಿದ್ದರು ಅಂತ ನನಗೆ ಆವತ್ತು ಗೊತ್ತಾಯಿತು.

“ಕಾಣದೆ ಹೊಡೆದಿದ್ದಕ್ಕೆ ಹಂಗಾಯ್ತು, ಚೆನ್ನಾಗಿ ಕಂಡ್ರೆ ಹಂಗಾಗಲ್ಲ ಅಂತ ಅಂದ್ಕೊಂಡಿದ್ದೆ” ಅಂದರು ಮಾವ. “ಅದಕ್ಕೇ ದುರ್ಬೀನು ಕೇಳಿದ್ದು ನಾನು.”

ಅತ್ತೆ ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಮಂಚೆ ಕೆಳಗೆ ಬಂದು, “ಏನ್ ಇಬ್ರೂ ದೆವ್ವ ನೋಡ್ದೋರ್ ತರ ಕೂತಿದೀರಿ? ಊಟಕ್ಕೆ ಬನ್ನಿ” ಅಂದರು. ಅವರಿಗೆ ನಾವು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಅವತ್ತು ರಾತ್ರಿ ಹಂದಿಗಳು ನಿಜವಾಗಿ ಬಂದವು, ಎರಡು ಗಂಟೆಗೆ. ಬ್ಯಾಟರಿ ಬೆಳಕಿನಲ್ಲಿ ನೋಡಿದೆ. ಒಂದು ತಾಯಿ, ಹಿಂದೆ ಅಳಿಲಿನ ಹಾಗೆ ಬೆನ್ನ ಮೇಲೆ ಪಟ್ಟೆ ಇರೋ ಮರಿಗಳು, ಆರೋ ಏಳೋ. ಮುದ್ದಾಗಿದ್ದವು ಅಂತ ನಾನು ಹೇಳಿದರೆ ಮಾವ ಹೊಡೀತಾರೆ. ತಟ್ಟೆ ಬಡಿದೆವು, ಪಟಾಕಿ ಹಚ್ಚಿದೆವು. ಬೆಳಿಗ್ಗೆ ನೋಡಿದರೆ ಇನ್ನೂ ನಾಲ್ಕು ಸಾಲು ಹೋಗಿತ್ತು.

ಸೋಮವಾರ ರಜೆ ಹಾಕಿದೆ. ಫೋಟೋ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲ ಸೇರಿಸಿ ಅರಣ್ಯ ಇಲಾಖೆಗೆ ಬೆಳೆ ನಷ್ಟದ ಅರ್ಜಿ ಹಾಕಿದೆವು. ಉಳಿದ ಕಡಲೆಕಾಯಿಯನ್ನ ಇನ್ನೂ ಹತ್ತು ದಿನ ಬಲಿಯಬೇಕಿದ್ದರೂ ಅತ್ತೆ ಕೂಲಿಯವರನ್ನ ಕರೆದು ಕೀಳಿಸಿಬಿಟ್ಟರು. ಕಾಯಿ ಎಳಸು, ರೇಟು ಕಮ್ಮಿ ಬಂತು. ಮುಂದಿ‌ನ ಬೆಳೆಗೆ ಸೋಲಾರ್ ಬೇಲಿ ಹಾಕೋಣ, ಅರ್ಧ ದುಡ್ಡು ನಂದು ಅಂದೆ. ಮಾವ ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ತುಪಾಕಿಯ ಲೈಸೆನ್ಸ್ ಈ ಸಲ ರಿನ್ಯೂ ಮಾಡಿಸಬೇಕಾ ಬೇಡವಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅದು ತಾತನ ವಸ್ತು.

ವಾಪಸ್ ಬರೋವಾಗ ಮುಳಬಾಗಿಲಿನಲ್ಲಿ ಸ್ಕೋಪನ್ನ ಅಪ್ಪನ ಮೇಜಿನ ಮೇಲೆ ಇಟ್ಟು ಬಂದೆ. ಅವರೂ ಏನೂ ಕೇಳಲಿಲ್ಲ. ಹೋದ ವಾರ ಫೋನು ಮಾಡಿದ್ದರು. ಮಹಡಿ ಮೇಲಿನಿಂದ ಕಾಣೋ ಕಂಬಗಳನ್ನೆಲ್ಲ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದಾರಂತೆ. ಏರಿ ಮೇಲಿನ ನಾಲ್ಕನೇ ಕಂಬ ವಾಲಿದೆ, ಲೈನ್‌ಮ್ಯಾನಿಗೆ ಹೇಳಿದೀನಿ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು:

“ಅಲ್ಲ ಕಣೋ, ಇದು ಒಂಬತ್ತರಲ್ಲಿಟ್ರೆ ಮಾತ್ರ ಸರಿ ಬರುತ್ತೆ. ಯಾವ ಪವರಲ್ಲಿಟ್ರೂ ನೂರೇ ಬರೋ ಅಂಥದ್ದು ಇದೆ ಅಂದಿದ್ದೆಯಲ್ಲ, ಅದಕ್ಕೆಷ್ಟಾಗುತ್ತೆ?”